ಅಲಗಿಗೆ ತಕ್ಕ ಹಿಡಿ ಕೂರಿಸುವ ಕಾಳಕ್ಕ

ಮಾಡದಕೆರೆಯಲ್ಲಿ ಆಗಷ್ಟೇ ಬೆಳಕು ಹರಿಯುತ್ತಿದೆ. ಮನೆ ಮುಂದಿನ ಜಗಲಿಯಲ್ಲಿ ಕುಳಿತ ಕಾಳಕ್ಕ, ಮಡಚಿದ ಕ್ಷೌರದ ಕತ್ತಿಯೊಂದನ್ನು ಮೂಡಣಕ್ಕೆ ಎತ್ತಿ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಾರೆ. ಹಿಡಿಯ ಎರಡು ಪಟ್ಟಿಗಳ ನಡುವೆ ಅಲಗು ಮಲಗಿದೆ. ಅದರ ಆಚೆಗೂ ಈಚೆಗೂ ಕೂದಲೆಳೆಯಷ್ಟು ಬೆಳಕು ಕಾಣಬೇಕು. ಎಡಕ್ಕೆ ಕಾಣುತ್ತಿದೆ, ಬಲಕ್ಕೆ ಇಲ್ಲ. ಅವರು ಹಿತ್ತಾಳೆ ಮೊಳೆ ಕಿತ್ತು, ಪಟ್ಟಿಯ ಒಳಮೈಯನ್ನು ಉಪ್ಪುಕಾಗದದಲ್ಲಿ ತಿಕ್ಕತೊಡಗುತ್ತಾರೆ. ನಿನ್ನೆ ಸಂಜೆಯೂ ಇದನ್ನೇ ಬಿಚ್ಚಿ ಜೋಡಿಸಿದ್ದರಂತೆ.

"ಅಲಗು ಹಿಡಿಗೆ ತಾಗಿದ್ರೆ ಬಾಯಿ ಹೋಗ್ತೈತ್ರಿ. ಆಮ್ಯಾಕೆ ಯಾರ್ದೋ ಕೆನ್ನೆ ಕುಯ್ತೈತೆ. ಬೈಸ್ಕಳ್ಳೋನು ಕ್ಷೌರದೋನು, ತಪ್ಪು ಮಾತ್ರ ನಂದು," ಎನ್ನುತ್ತಾರೆ, ಕಣ್ಣೆತ್ತದೆ.

ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಕಡೆಯ ಹಳೆಯ ಕ್ಷೌರಿಕರ ಬಳಿ ಅಪ್ಪ, ತಾತನ ಕಾಲದ ಕತ್ತಿಗಳಿವೆ. ಉಕ್ಕು ಗಟ್ಟಿ. ಸೋಲುವುದು ಹಿಡಿ. ಕೈಜಾರಿ ಬಿದ್ದರೆ ಸೀಳುತ್ತದೆ, ನೀರು ಕುಡಿದು ಬಾಗುತ್ತದೆ. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಹಿಡಿ ಈ ಅಲಗುಗಳಿಗೆ ಹೊಂದುವುದಿಲ್ಲ. ವರ್ಷಗಟ್ಟಲೆ ಸಾಣೆ ಹಿಡಿದು ಒಂದೊಂದು ಅಲಗೂ ಒಂದೊಂದು ಆಕಾರಕ್ಕೆ ಸವೆದಿರುತ್ತದೆ. ಸವೆದ ಆ ಅಲಗಿಗೇ ಅಳತೆ ಹಿಡಿದು ಹೊಸ ಹಿಡಿ ಮಾಡಿಕೊಡುವುದು ಕಾಳಕ್ಕನ ಕೆಲಸ.

ಇದು ಮೊದಲು ಅವರ ಪತಿ ಗುಡ್ಡಪ್ಪನವರ ಕಸುಬಾಗಿತ್ತು. ಸಂತೆಯಿಂದ ಸಂತೆಗೆ ಸಾಣೆಕಲ್ಲು ಹೊತ್ತು ತಿರುಗುತ್ತಿದ್ದರು. ೧೯೯೬ರಲ್ಲಿ ಹೊಳಲ್ಕೆರೆಗೆ ಹೋಗುತ್ತಿದ್ದ ಟೆಂಪೊ ಮಗುಚಿ ಅವರ ಬಲಗೈ ನಜ್ಜುಗುಜ್ಜಾಯಿತು. ಗಾಯವೇನೋ ಮಾಯಿತು, ಬೆರಳುಗಳು ಮಾತ್ರ ಮತ್ತೆ ಮಡಚಲಿಲ್ಲ. ಮೂಲೆಯಲ್ಲಿ ಊರೂರಿನ ಕತ್ತಿಗಳು ಹಿಡಿಯಿಲ್ಲದೆ ಬಿದ್ದಿದ್ದವು.

"ಒಂದಿನ ನಾನೇ ಉಜ್ಜೋ ಅರ ತಗಂಡು ಕುಂತ್ಕಂಡೆ. ಇವ್ರು ನೋಡಿದ್ರು, ಬ್ಯಾಡ ಅನ್ಲಿಲ್ಲ. 'ಲೇ ಕಾಳಿ, ನನ್ನ ಕೈ ಹೋಗೈತೆ, ಕಣ್ಣು ಹೋಗಿಲ್ಲ. ನಾನು ಹೇಳ್ತೀನಿ, ನೀನು ಮಾಡು' ಅಂದ್ರು," ಎಂದು ಕಾಳಕ್ಕ ನೆನೆಯುತ್ತಾರೆ. ಮೊದಲು ಹಿಡಿ ಕೂರಿಸಿದ್ದು ಗಂಡನ ಸ್ವಂತ ಕತ್ತಿಗೆ. ಮಡಚುತ್ತಲೇ ಅಲಗಿನ ಬಾಯಿ ಮುಕ್ಕಾಯಿತು. ಗುಡ್ಡಪ್ಪ ಬೈಯಲಿಲ್ಲ. ಅದನ್ನೇ ಮತ್ತೆ ಬಿಚ್ಚಿಸಿದರು.

ಹಿಡಿಗೆ ಗಂಡ ಬಳಸುತ್ತಿದ್ದುದು ಮರ. ಕಾಳಕ್ಕ ರಾಮಗಿರಿಯ ಕುರಿಗಾರರ ಮನೆಯ ಮಗಳು. ಟಗರಿನ ಕೊಂಬನ್ನು ಕಾಯಿಸಿದರೆ ಹೇಗೆ ಬಗ್ಗುತ್ತದೆ, ಎಷ್ಟು ಕಾವಿಗೆ ಸುಟ್ಟುಹೋಗುತ್ತದೆ ಎಂಬುದು ಅವರಿಗೆ ಚಿಕ್ಕಂದಿನಿಂದ ಗೊತ್ತು. ತಮ್ಮನ ಹಿಂಡಿನಿಂದ ಕೊಂಬು ತರಿಸಿ, ಬೇಯಿಸಿ, ಕಲ್ಲಿನಡಿ ಇಟ್ಟು ಚಪ್ಪಟೆ ಮಾಡಿದರು. ಹಳೆಯ ಲಗ್ನಪತ್ರಿಕೆಯ ಮೇಲೆ ಅಲಗನ್ನಿಟ್ಟು ಗೆರೆ ಎಳೆದು ಪಟ್ಟಿ ಕತ್ತರಿಸಿದರು. ಎರಡೂ ಪಟ್ಟಿ ಒಂದೇ ಕೊಂಬಿನದಾಗಿರಬೇಕೆಂಬುದು ಅವರ ಹಟ. "ಬ್ಯಾರೆ ಬ್ಯಾರೆ ಕೊಂಬಿಂದು ಹಾಕಿದ್ರೆ ಒಂದು ಅತ್ಲಾಗೆ ಬಾಗ್ತೈತೆ, ಒಂದು ಇತ್ಲಾಗೆ."

ಕೆಲಸ ಕೈಗೆ ಹತ್ತಿತು, ಆದರೆ ಕತ್ತಿ ಕೊಡುವವರು ಬೇಕಲ್ಲ! ಹೊಸದುರ್ಗದ ಸಂತೆಯಲ್ಲಿ ಗುಡ್ಡಪ್ಪ ಕೂರುತ್ತಿದ್ದ ಬೇವಿನ ಮರದಡಿ ಕಾಳಕ್ಕ ಗೋಣಿತಾಟು ಹಾಸಿ ಕೂತರು. ಕ್ಷೌರಿಕರು ಬಂದು ಗಂಡನ ಆರೋಗ್ಯ ವಿಚಾರಿಸುತ್ತಿದ್ದರು, ಕತ್ತಿಯನ್ನು ಮಾತ್ರ ಚೀಲದಿಂದ ತೆಗೆಯುತ್ತಿರಲಿಲ್ಲ. "ಹೆಂಗಸ್ರು ಕೂರ್ಸಿದ ಕತ್ತೀನ ಗಿರಾಕಿ ಕುತ್ತಿಗೆಗೆ ಹೆಂಗ್ ಇಡಾದು?" ಎಂದು ಒಬ್ಬರು ಎದುರಿಗೇ ಅಂದರು. ಬರಿಗೈಲಿ ಬಸ್ಸು ಹತ್ತಿದ ಸಂತೆಗಳು ಎಷ್ಟೋ.

ಕೊನೆಗೆ ಹೊಳಲ್ಕೆರೆಯ ಹಿರಿಯ ಕ್ಷೌರಿಕ ಚಿಕ್ಕತಿಮ್ಮಪ್ಪ ತಮ್ಮ ತಂದೆಯ ಕತ್ತಿಯನ್ನು ಅರೆಮನಸ್ಸಿನಲ್ಲೇ ಕೊಟ್ಟು ಹೋದರು. ಮುಂದಿನ ಸಂತೆಯಲ್ಲಿ ಕಾಳಕ್ಕ ಅದನ್ನು ಬಟ್ಟೆಯಲ್ಲಿ ಸುತ್ತಿ ತಂದಾಗ ಉಳಿದವರೂ ಸುತ್ತ ಸೇರಿದರು. ಚಿಕ್ಕತಿಮ್ಮಪ್ಪ ಕತ್ತಿ ಬಿಚ್ಚಿದರು, ಮಡಚಿದರು, ಬೆರಳ ಮೇಲಿಟ್ಟು ತೂಗಿದರು. ಆಮೇಲೆ ಕನ್ನಡಿಯನ್ನು ಮರಕ್ಕೆ ಒರಗಿಸಿ, ಮುಖಕ್ಕೆ ನೀರು ಸವರಿ, ತಮ್ಮ ಕುತ್ತಿಗೆಗೇ ಕತ್ತಿ ಇಟ್ಟರು.

"ಒಂದು ಹನಿ ರಕ್ತ ಕಂಡಿದ್ರೂ ಅವತ್ತೇ ಮುಗೀತಿತ್ತು," ಎನ್ನುವಾಗ ಈಗಲೂ ಅವರ ಕೈಯಲ್ಲಿನ ಅರ ನಿಲ್ಲುತ್ತದೆ.

ರಕ್ತ ಬರಲಿಲ್ಲ. ಚಿಕ್ಕತಿಮ್ಮಪ್ಪ ನುಣುಪಾದ ಗದ್ದ ಸವರಿಕೊಂಡು ಸುತ್ತ ನೋಡಿದರು. "ನಮ್ಮಪ್ಪ ಹಿಡಿದಂಗೇ ಐತೆ ಕಣಮ್ಮ," ಎಂದರು. ಆಮೇಲೆ ಉಳಿದವರಿಗೆ, "ಏನ್ರೋ ನೋಡ್ತೀರ, ನಿಮ್ಮವೂ ತೆಗೀರಿ!" ಎಂದು ಗದರಿದರು. ಆ ದಿನ ಬೇವಿನ ಮರದಡಿಯಿಂದ ಕಾಳಕ್ಕ ಚೀಲ ತುಂಬಾ ಕತ್ತಿ ಹೊತ್ತು ಮನೆಗೆ ಬಂದರು. ಗುಡ್ಡಪ್ಪ ಒಂದೊಂದನ್ನೂ ಎಡಗೈಲಿ ಎತ್ತಿ ನೋಡಿ, ಯಾವುದು ಯಾರದೆಂದು ಹೇಳುತ್ತಾ ಬಹಳ ಹೊತ್ತು ಕೂತಿದ್ದರಂತೆ.

ಈಗ ೨೦೦೬. ಪೇಟೆಯ ಸಲೂನುಗಳಲ್ಲಿ ಗಿರಾಕಿಗೊಂದು ಹೊಸ ಬ್ಲೇಡು ಹಾಕುವ ಕತ್ತಿ ಬಂದಿದೆ. ಕಾಯಿಲೆ ಹರಡದಿರಲು ಅದೇ ಒಳ್ಳೆಯದೆಂದು ಕಾಳಕ್ಕನೇ ಒಪ್ಪುತ್ತಾರೆ. ಕೆಲಸ ಕಡಿಮೆಯಾಗಿದೆ, ನಿಂತಿಲ್ಲ. ತಂದೆಯ ಕತ್ತಿಯನ್ನು ಬಳಸದಿದ್ದರೂ ಹಾಗೇ ಬಿಸಾಡಲಾರದ ಮಕ್ಕಳು ಹಿಡಿ ಹಾಕಿಸಲು ಬರುತ್ತಾರೆ. ಧರ್ಮಪುರದಿಂದ ಒಬ್ಬರು ಹಿರಿಯೂರಿಗೆ ಬಂದು, ಅಲ್ಲಿ ಬಸ್ಸು ಬದಲಿಸಿ ಇಲ್ಲಿಗೆ ಬಂದಿದ್ದರಂತೆ. "ಅಷ್ಟು ದೂರದಿಂದ ಬಂದೋರ್ನ ಕುಂತ್ಕಳ್ರಿ ಅಂದು, ಊಟ ಹಾಕಿ, ಅವತ್ತೇ ಮಾಡಿಕೊಟ್ಟು ಕಳಿಸ್ದೆ."

ಬಿಸಿಲೇರುವ ಹೊತ್ತಿಗೆ ಕಾಳಕ್ಕ ಕೈ ತೊಳೆದು, ಗುಡ್ಡಪ್ಪನವರ ಹೆಗಲಿಗೆ ಟವೆಲ್ ಹೊದಿಸುತ್ತಾರೆ. ಕೈ ಸೋತ ದಿನದಿಂದ ಗಂಡನ ಗಡ್ಡ ಹೆರೆಯುವವರೂ ಇವರೇ. ಗುಡ್ಡಪ್ಪ ಗಲ್ಲ ಮೇಲೆತ್ತಿ ಕಣ್ಣು ಮುಚ್ಚುತ್ತಾರೆ. "ಹೆಂಡ್ತಿ ಕೈಗೆ ಕುತ್ತಿಗೆ ಕೊಟ್ಟು ನಿದ್ದೆ ಹೊಡಿಯೋ ಗಂಡ ಈ ಹೋಬಳಿಗೇ ನಾನೊಬ್ನೇ ನೋಡ್ರಿ," ಎಂದು ನನ್ನನ್ನು ನಗಿಸುತ್ತಾರೆ.

"ಅಲುಗಾಡಬ್ಯಾಡ್ರಿ, ಸುಮ್ಕಿರ್ರಿ," ಎಂದು ಗದರುತ್ತಲೇ ಕಾಳಕ್ಕ ಕತ್ತಿ ಬಿಚ್ಚುತ್ತಾರೆ. ನಿಮಗೇನು ಆಸೆ ಎಂದು ಕೇಳಿದರೆ, ಉತ್ತರ ಬರುವುದು ಒಂದು ಕೆನ್ನೆ ಮುಗಿದ ಮೇಲೆ.

"ಇವ್ರು ಇರಾಗಂಟ ಕೈ ನಡುಗದಂಗಿದ್ರೆ ಸಾಕು. ಈ ಮುಖಕ್ಕೆ ಬ್ಯಾರೆಯೋರ ಕತ್ತಿ ತಾಗ್ಸಾಕೆ ನಂಗೆ ಮನಸ್ಸಿಲ್ರಿ."