ಶನಿಯ ಚಂದ್ರನ ಮೇಲೆ ಸಿದ್ದಣ್ಣ

ನಮ್ಮ ಮನೆಯ ದಿವಾನಕ್ಕೆ ಕಾಲುಗಳಿಲ್ಲ. ಅದು ನಿಂತಿರುವುದು ನನ್ನ ಎರಡನೆಯ ಕಾದಂಬರಿಯ ಮೇಲೆ. ಮೊದಲನೆಯದು ಟೀವಿಯ ಕೆಳಗಿದೆ. ಬಂದವರು ಆರಾಮಾಗಿ ಕೂತು, ಕಾಫಿ ಕುಡಿದು, "ಈಗೇನು ಬರೀತಿದೀರಿ?" ಎಂದು ಕೇಳುತ್ತಾರೆ. ನೀವು ಕೂತಿರುವುದೇ ಅದರ ಮೇಲೆ ಎಂದು ಹೇಳುವಷ್ಟು ಒರಟುತನ ನನಗಿನ್ನೂ ಬಂದಿಲ್ಲ. ಪ್ರಕಾಶಕರಿಲ್ಲದೆ ತಮ್ಮ ಪುಸ್ತಕ ತಾವೇ ಅಚ್ಚು ಹಾಕಿಸುವವರ ಮನೆಗಳಲ್ಲಿ ಇದೇನು ಹೊಸದಲ್ಲ. ಪ್ರೆಸ್ಸಿನಿಂದ ಕಂದು ಕಾಗದದ ಕಟ್ಟುಗಳು ಆಟೋದಲ್ಲಿ ಬಂದಿಳಿದ ದಿನ ಬಾಗಿಲಲ್ಲಿ ರಂಗೋಲಿ. ಆಮೇಲೆ ಅವೂ ಮನೆಯ ಸಾಮಾನೇ. ಹುಳ ಹಿಡಿಯದಿರಲೆಂದು ಸಂದಿಯಲ್ಲಿ ನುಸಿಗುಳಿಗೆ ಇಡುವುದೂ ಲೇಖಕಿಯ ಕೆಲಸಕ್ಕೆ ಸೇರಿದ್ದು.

ನಾನು ಬರೆಯುವುದು ವಿಜ್ಞಾನ ಕಾದಂಬರಿ. ಯಡಿಯೂರು ಕೆರೆಯ ಹಿಂದಿನ ರಸ್ತೆಯಲ್ಲಿ, ಊಟದ ಮೇಜಿನ ಮೇಲೆ, ತಿಂಡಿಯ ತಟ್ಟೆ ತೊಳೆದಿಟ್ಟಲ್ಲಿಂದ ಮಧ್ಯಾಹ್ನದ ಕುಕ್ಕರು ಕೂಗುವವರೆಗೆ ಬೇರೆ ಗ್ರಹಗಳಿಗೆ ಹೋಗಿಬರುತ್ತೇನೆ. ನಡುವೆ ನೀರಿನ ಟ್ಯಾಂಕರು ಬಂದರೆ ಗಗನಯಾತ್ರಿಗಳು ಕಾಯುತ್ತಾರೆ. ಒಮ್ಮೆ ಒಬ್ಬ ಪ್ರಕಾಶಕರ ಬಳಿ ಹಸ್ತಪ್ರತಿ ಹಿಡಿದು ಹೋಗಿದ್ದೆ. ಅವರು ಅದನ್ನು ಕೈಯಲ್ಲಿ ತೂಗಿ, "ಮೇಡಂ, ಕನ್ನಡದಲ್ಲಿ ರಾಕೆಟ್ಟು ಯಾರು ಓದ್ತಾರೆ? ನಿಮ್ಮನೆ ಸಾರಿನ ಪುಡಿ ಸಖತ್ತಾಗಿರತ್ತಂತೆ. ಒಂದು ಅಡುಗೆ ಪುಸ್ತಕ ಮಾಡ್ಕೊಡಿ" ಎಂದರು. ಎರಡನೆಯ ಕಾದಂಬರಿ ನಡೆಯುವುದು ಮಂಗಳ ಗ್ರಹದಲ್ಲಿ. ಆದರೆ ಮುಖಪುಟದವರು ಉಂಗುರವಿದ್ದರೇ ಆಕಾಶವೆಂದು ಗೊತ್ತಾಗುವುದು ಎಂದು ಹಟ ಹಿಡಿದು ಶನಿಯನ್ನು ಬರೆದುಕೊಟ್ಟರು. ಜಯನಗರದ ಪಾರ್ಕೊಂದರಲ್ಲಿ ರಾಜ್ಯೋತ್ಸವದ ದಿನ ಮೇಜು ಹಾಕಿಕೊಂಡು ಕೂತಿದ್ದಾಗ ಹಿರಿಯರೊಬ್ಬರು ಅದನ್ನು ತಿರುವಿ ನೋಡಿ, "ಸಾಡೇಸಾತಿಗೆ ಪರಿಹಾರ ಯಾವ ಪುಟದಲ್ಲಿದೆಯಮ್ಮ?" ಎಂದರು. ಇಲ್ಲ ಎಂದೆ. "ಮತ್ತೆ ಶನಿಮಹಾತ್ಮನ್ನ ಯಾಕ್ ಹಾಕ್ಕೊಂಡಿದೀರಿ?" ಎಂದು ಪುಸ್ತಕಕ್ಕೆ ಕೈಮುಗಿದು ಕೆಳಗಿಟ್ಟು ಹೋದರು. ನನ್ನ ಕೃತಿಗೆ ಸಂದ ಒಂದೇ ನಮಸ್ಕಾರ ಅದು.

ಇಂಥ ಕಸುಬಿನಲ್ಲಿ ನನಗಿದ್ದ ಏಕೈಕ ಸಿಬ್ಬಂದಿ ನನ್ನ ಅಣ್ಣ ಸಿದ್ದಣ್ಣ. ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿದ್ದು ನಿವೃತ್ತನಾಗಿ, ಅತ್ತಿಗೆಯೊಂದಿಗೆ ಉತ್ತರಹಳ್ಳಿಯಲ್ಲಿ ಮನೆ ಮಾಡಿಕೊಂಡಿದ್ದ. ನಾನು ಬರೆದ ಅಧ್ಯಾಯ ಮೊದಲು ಅವನ ಕೈಗೆ ಹೋಗುತ್ತಿತ್ತು. ಕಥೆ ಹೇಗಿದೆ ಎಂದು ಅವನು ಯಾವತ್ತೂ ಹೇಳಲಿಲ್ಲ. ನೋಡುತ್ತಿದ್ದುದು ಲೆಕ್ಕ ಮಾತ್ರ. ನೌಕೆಯಲ್ಲಿ ಇಷ್ಟು ಜನ, ಇಷ್ಟು ನೀರು, ಇಷ್ಟು ಗಾಳಿ, ಇಷ್ಟು ದೂರ. ಕೂಡಿ ಕಳೆದು, ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ "ಗಾಳಿ ಸಾಲದು. ಸಾಯ್ತಾರೆ" ಎಂದು ಬರೆದು ಕಳಿಸುತ್ತಿದ್ದ. ನಾನು ಒಂದು ಟ್ಯಾಂಕು ಸೇರಿಸಿ ಅವರನ್ನೆಲ್ಲ ಬದುಕಿಸುತ್ತಿದ್ದೆ. ಎಷ್ಟೋ ಜನ ಹಾಗೆ ಉಳಿದುಕೊಂಡಿದ್ದಾರೆ.

ಅವನಿಗೊಂದು ಆಸೆಯಿತ್ತು. "ಊರೋರ ಹೆಸರೆಲ್ಲಾ ಹಾಕ್ತೀಯ. ಒಂದ್ಸಲ ನನ್ನ ಹೆಸರು ಹಾಕೆ, ಗಿರಿಜಾ. ಸುಮ್ನೆ ಬಂದ್ ಹೋಗೋ ಪಾರ್ಟ್ ಬೇಡ."

ಮೂರನೆಯ ಕಾದಂಬರಿಯಲ್ಲಿ ಹಾಕಿದೆ. ಶನಿಯ ಚಂದ್ರ ಟೈಟಾನಿನ ಮೇಲೊಂದು ಠಾಣೆ, ಅಲ್ಲೊಬ್ಬ ಇಂಜಿನಿಯರು ಸಿದ್ದಣ್ಣ, ಹೆಲ್ಮೆಟ್ಟಿನೊಳಗೂ ವಿಭೂತಿ. ಠಾಣೆ ಕೆಡುತ್ತದೆ. ಹೊರಡುವ ನೌಕೆಯಲ್ಲಿ ಒಬ್ಬರಿಗೆ ಜಾಗವಿಲ್ಲ. ಉಳಿದವರನ್ನು ಕಳಿಸಿಕೊಡಲು ಸಿದ್ದಣ್ಣ ಅಲ್ಲೇ ನಿಲ್ಲುತ್ತಾನೆ. ಅವನ ಪಾಲಿನ ಗಾಳಿಯ ಲೆಕ್ಕ ಹಾಕಿದವನು ಅವನೇ, ಉತ್ತರಹಳ್ಳಿಯ ವರಾಂಡದಲ್ಲಿ, ಕೋಡುಬಳೆ ಮುರಿಯುತ್ತಾ. "ಯಾರೂ ವಾಪಸ್ ಬಂದು ಕಾಪಾಡಕ್ಕಾಗಲ್ಲ ತಾನೆ? ಸಾಯೋದು ಗ್ಯಾರಂಟಿ?" ಎಂದು ಕೇಳಿ, ನಾಟಕದಲ್ಲಿ ಒಳ್ಳೆಯ ಪಾತ್ರ ಸಿಕ್ಕವನ ಹಾಗೆ ನಕ್ಕ.

ಅತ್ತಿಗೆ ನಗಲಿಲ್ಲ. "ಅಷ್ಟೊಂದು ಗ್ರಹ ಇದಾವೆ. ನಮ್ಮನೆಯವರನ್ನ ಶನಿ ಹತ್ರಾನೇ ಕಳಿಸ್ಬೇಕಿತ್ತಾ?"

ನಾನು ಪಾಠ ಶುರುಮಾಡಿದೆ. ಅದು ಶನಿಯಲ್ಲ, ಅವನ ಚಂದ್ರ. ಶನೈಶ್ಚರ ಎಂದರೆ ಮೆಲ್ಲಗೆ ನಡೆಯುವವನು ಎಂದಷ್ಟೇ ಅರ್ಥ. ಸೂರ್ಯನನ್ನು ಒಂದು ಸುತ್ತು ಹಾಕಲು ಅವನಿಗೆ ಸುಮಾರು ಮೂವತ್ತು ವರ್ಷ ಬೇಕು, ಹಳಬರು ಬರಿಗಣ್ಣಲ್ಲೇ ಅದನ್ನು ಕಂಡುಕೊಂಡು ಹೆಸರಿಟ್ಟರು, ಇದರಲ್ಲಿ ಕೆಡುಕೇನಿದೆ ಎಂದೆಲ್ಲ. ಅತ್ತಿಗೆ ಪೂರ್ತಿ ಕೇಳಿಸಿಕೊಂಡು, "ಮೆಲ್ಲಗೆ ಬರೋನೇ ಕಣಮ್ಮ ಬೇಗ ಹೋಗದೇ ಇರೋನು" ಎಂದು ಒಳಗೆ ಹೋದರು.

ನಾನು ಬರೆದಂತೆಲ್ಲ ಅಧ್ಯಾಯಗಳನ್ನು ಫೋನಿನಲ್ಲಿರುವ ಓದುಗರ ಗುಂಪಿಗೆ ಕಳಿಸುತ್ತೇನೆ. ಚಿಕ್ಕ ಗುಂಪು, ಆದರೆ ಮಾತಿನವರು. ಕಥೆಯಲ್ಲಿ ನೌಕೆ ಹೊರಟು ಸಿದ್ದಣ್ಣ ಒಬ್ಬನೇ ಉಳಿದ ವಾರ, ಉತ್ತರಹಳ್ಳಿಯ ಸಿದ್ದಣ್ಣನಿಗೆ ಮೆಟ್ಟಿಲು ಹತ್ತಲು ಆಗಲಿಲ್ಲ. ಬಹಳ ದಿನದಿಂದ ಇದ್ದ ಒಣಕೆಮ್ಮನ್ನು ಎಲ್ಲರೂ ಊರಿನ ಧೂಳಿನ ಲೆಕ್ಕಕ್ಕೆ ಬರೆದಿದ್ದೆವು. ಡಾಕ್ಟರು ಎಕ್ಸ್‌ರೇ ಫೋಟೋ ಎತ್ತಿ ಬೆಳಕಿಗೆ ಹಿಡಿದು, ಶ್ವಾಸಕೋಶ ಒಣಗಿದ ಸ್ಪಂಜಿನ ಹಾಗೆ ಗಟ್ಟಿಯಾಗುತ್ತಿದೆ, ಮತ್ತೆ ಮೊದಲಿನಂತಾಗುವಂಥದ್ದಲ್ಲ ಎಂದರು. ಮನೆಗೆ ಆಕ್ಸಿಜನ್ ಮೆಷಿನ್ನು ಬಂತು. ಹಗಲೂ ರಾತ್ರಿ ಫ್ರಿಜ್ಜಿನ ಹಾಗೆ ಗುಂಯ್‌ಗುಡುತ್ತಾ, ಮೂಗಿಗೊಂದು ಕೊಳವೆ. ಕರೆಂಟು ಹೋದರೆ ಇರಲಿ ಎಂದು ಮೂಲೆಯಲ್ಲೊಂದು ಸಿಲಿಂಡರು. ಅಣ್ಣ ಅದನ್ನೆಲ್ಲ ನೋಡಿ, "ನೀನು ಬರೆದಿರೋದಕ್ಕಿಂತ ಸೌಂಡ್ ಜಾಸ್ತಿ ಕಣೆ. ತಿದ್ಕೋ" ಎಂದ.

ತಿದ್ದಲಿಲ್ಲ. ಬರೆಯುವುದನ್ನೇ ನಿಲ್ಲಿಸಿದೆ.

ಉಳಿದಿದ್ದುದು ಒಂದೇ ಅಧ್ಯಾಯ. ಗುಂಪಿನವರು ಕೇಳಿದರೆ ಕಣ್ಣುನೋವು ಎಂದೆ, ನೆಂಟರು ಎಂದೆ. ನಿಜ ಏನೆಂದರೆ, ಟೈಟಾನಿನಲ್ಲಿ ಸಿದ್ದಣ್ಣ ಉಸಿರಾಡುತ್ತಿರುವವರೆಗೆ ಉತ್ತರಹಳ್ಳಿಯಲ್ಲೂ ಉಸಿರಾಡುತ್ತಿರುತ್ತಾನೆ ಎಂದು ನನ್ನೊಳಗೆ ಯಾರೋ ಲೆಕ್ಕ ಹಾಕಿಕೊಂಡಿದ್ದರು. ಮಂಗಳವಾರ ರಾಹುಕಾಲಕ್ಕೆ ಅತ್ತಿಗೆಯ ಜೊತೆ ಬನಶಂಕರಿಗೂ ಹೋದೆ. ಹಿಂಡಿದ ನಿಂಬೆ ಹೋಳನ್ನು ಒಳಗು ಹೊರಗು ಮಾಡಿ, ಎಣ್ಣೆ ಹಾಕಿ ದೀಪ ಹಚ್ಚಿದೆ. ವಿಜ್ಞಾನದ ಲೇಖಕಿಯನ್ನು ಓದುಗರು ಯಾರಾದರೂ ಕಂಡಾರು ಎಂದು ಸುತ್ತ ನೋಡಿದೆ. ಇರುವವರೇ ಅಷ್ಟು ಕಮ್ಮಿ. ಹೆದರುವ ಕಾರಣವಿರಲಿಲ್ಲ.

ಅಣ್ಣನಿಗೆ ಗೊತ್ತಾಗದೆ ಇರುತ್ತದೆಯೇ? "ಎಲ್ಲಿ ಕೊನೇದು?" ಎಂದು ಕೇಳಿದ. ಆಗಲೇ ಒಂದು ವಾಕ್ಯಕ್ಕೆ ಎರಡು ಸಲ ನಿಲ್ಲಬೇಕಾಗಿತ್ತು. "ನೀನು ಬರೀದೇ ಇದ್ರೆ... ನಾನ್ ಉಳ್ಕೊತೀನಿ ಅಂತಾನಾ? ಸೈನ್ಸ್ ಬೇರೆ ಬರೀತಾಳಂತೆ. ನನಗೆ ಓದ್ಬೇಕು ಕಣೆ. ಬೇಗ ಕೊಡು."

ಮನೆಗೆ ಬಂದು ಬರೆದೆ. ಗಾಳಿ ಮುಗಿಯುವ ಹೊತ್ತಿಗೆ ಮಬ್ಬು ಆಕಾಶದಲ್ಲೊಂದು ಬೆಳಕು, ಯಾರದೋ ನೌಕೆ, ಬಾಗಿಲು ತಟ್ಟುವ ಸದ್ದು. ತೆಗೆದುಕೊಂಡು ಹೋಗಿ ಓದಿದೆ. ಅತ್ತಿಗೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅಣ್ಣ ಮಾತ್ರ ಕೈಚಾಚಿ ಪೆನ್ಸಿಲು ಕೇಳಿದ.

"ಎಲ್ಲಿಂದ ಬಂತು ಇದು? ಅಷ್ಟು ದೂರಕ್ಕೆ... ಯಾವತ್ತು ಹೊರಟಿತ್ತು? ಯಾರು ಹೇಳಿದ್ರು ಇವನಿದಾನೆ ಅಂತ?"

"ಅಣ್ಣ, ಎಷ್ಟು ಜನಕ್ಕೆ ಟ್ಯಾಂಕ್ ಸೇರಿಸಿಲ್ಲ ನಾನು? ಇದೊಂದು ಬಿಡು."

"ಬೇರೆಯವರಿಗೆ ಸೇರಿಸ್ಕೋ. ನನ್ನ ಲೆಕ್ಕ... ನಾನೇ ಹಾಕಿದ್ದು" ಎಂದು ನೌಕೆಯ ಮೇಲೆ ಅಡ್ಡಗೆರೆ ಎಳೆದ. ಗೆರೆ ಅಲುಗಿತ್ತು, ಆದರೆ ಪುಟದ ಈ ಕೊನೆಯಿಂದ ಆ ಕೊನೆಯವರೆಗೂ ಇತ್ತು.

ಮತ್ತೆ ಬರೆದೆ. ಆ ವಾರ ನಮ್ಮ ಮನೆಯ ಸಾರಿಗೆ ಉಪ್ಪು ಬಿದ್ದಿತೋ ಇಲ್ಲವೋ ಗೊತ್ತಿಲ್ಲ, ಮನೆಯಲ್ಲಿ ಯಾರೂ ಕೇಳಲಿಲ್ಲ. ಭಾನುವಾರ ಬೆಳಿಗ್ಗೆ ಹೋಗಿ, ಮೆಷಿನ್ನಿನ ಸದ್ದಿಗಿಂತ ಸ್ವಲ್ಪ ಜೋರಾಗಿ ಓದಿದೆ. ಕಥೆಯ ಸಿದ್ದಣ್ಣ ನೆಲದ ಮೇಲೆ ಮಲಗಿ, ಗಾಜಿನಾಚೆಯ ಮಬ್ಬು ಸರಿದು ಕಂಡ ಶನಿಯ ಉಂಗುರ ನೋಡುತ್ತಾ, ಭೂಮಿಯ ಬಗ್ಗೆ ಒಂದು ಪುಟದಷ್ಟು ಮಾತಾಡಿ ಕಣ್ಣು ಮುಚ್ಚುತ್ತಿದ್ದ. ಅಣ್ಣ ದಿಂಬುಗಳಿಗೆ ಒರಗಿ ಕೂತು ಕೇಳಿದ. ಎರಡು ತಿಂಗಳಿಂದ ಅವನು ಮಲಗಿರಲಿಲ್ಲ, ಮಲಗಿದರೆ ಉಸಿರು ಕಟ್ಟುತ್ತಿತ್ತು.

"ಇಷ್ಟುದ್ದ ಮಾತಾಡಲ್ಲ ಕಣೆ" ಎಂದ. ಉಸಿರು ಕೂಡಿಸಿಕೊಂಡು, "ಉಂಗುರಾನೂ ನೋಡಲ್ಲ. ಗಾಳಿ ಬರೋ ಕಿಟಕಿಗೆ ಯಾರು ಅಡ್ಡ ನಿಂತಿದಾರೆ... ಅದೊಂದೇ ನೋಡೋದು" ಎಂದ. ನಾನು ತಟಕ್ಕನೆ ಕಿಟಕಿ ಬಿಟ್ಟು ಈಚೆ ಬಂದೆ. ಅವನಿಗೆ ನಗು ಬಂತು, ನಗುವಿಗೆ ಕೆಮ್ಮು ಬಂತು. ಅದು ಇಳಿದ ಮೇಲೆ ಹೇಳಿದ. "ಮಲಗಿಸ್ಬೇಡ. ಕೂತೇ ಇರ್ಲಿ. ಮಣ್ಣು ಮಾಡೋಕೆ ಅಲ್ಲಿ ಯಾರಿದಾರೆ? ಕೂತ್ಕೊಂಡೇ ಹೋದ್ರೆ... ಅರ್ಧ ಕೆಲಸ ಮುಗೀತಲ್ಲ."

ನಮ್ಮಲ್ಲಿ ಸತ್ತವರನ್ನು ಕೂರಿಸಿಯೇ ಮಣ್ಣು ಮಾಡುವುದು. ಅತ್ತಿಗೆ ಎದ್ದು ಅಡುಗೆಮನೆಗೆ ಹೋದರು. ನಾನು ಅಲ್ಲೇ ತಿದ್ದಿದೆ. ಮಾತನ್ನೆಲ್ಲ ಹೊಡೆದುಹಾಕಿದೆ. ಉಂಗುರ ತೆಗೆದೆ. ಸಿದ್ದಣ್ಣನನ್ನು ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂರಿಸಿದೆ. ಓದಿ ಹೇಳಿದಾಗ ಅವನು ಅಂಚಿನಲ್ಲಿ ಏನೂ ಬರೆಯಲಿಲ್ಲ. ಪೆನ್ಸಿಲನ್ನು ನನಗೆ ವಾಪಸು ಕೊಟ್ಟ.

ಅದೇ ತಿಂಗಳ ಕೊನೆಯಲ್ಲಿ, ಅತ್ತಿಗೆ ಹಾಲು ಕಾಯಿಸುತ್ತಿದ್ದಾಗ, ದಿಂಬಿಗೊರಗಿ ಕೂತಲ್ಲೇ ಹೋದ. ಕಾರ್ಯಗಳೆಲ್ಲ ಮುಗಿದ ಮೇಲೆ ಅಧ್ಯಾಯವನ್ನು ಗುಂಪಿಗೆ ಕಳಿಸಿದೆ. ಯಾರಿಗೂ ಏನೂ ತಿಳಿಸಿರಲಿಲ್ಲ. ಬಿಟಿಎಂ ಲೇಔಟಿನ ಓದುಗರೊಬ್ಬರು ಬೇಜಾರು ಮಾಡಿಕೊಂಡರು. "ಯಾವಾಗಲೂ ಒಂದು ಟ್ಯಾಂಕ್ ಇಟ್ಟಿರ್ತೀರಿ ಮೇಡಂ. ಇವರನ್ನೂ ಉಳಿಸಬಹುದಿತ್ತು."

"ಲೆಕ್ಕ ನೋಡುವವರು ಒಪ್ಪಲಿಲ್ಲ" ಎಂದು ಬರೆದೆ.

ಮೊನ್ನೆ ಪ್ರೆಸ್ಸಿನಿಂದ ಮೂರನೆಯ ಕಾದಂಬರಿಯ ಕಟ್ಟುಗಳು ಬಂದವು. ಟೀವಿಯ ಕೆಳಗೆ ಜಾಗವಿಲ್ಲ. ದಿವಾನವನ್ನು ಇನ್ನೊಂದು ವರಸೆ ಎತ್ತರಿಸೋಣವೆಂದು ಅವನ್ನು ಒಂದೊಂದಾಗಿ ಕೆಳಗೆ ಮಲಗಿಸುತ್ತಿದ್ದೆ. ಜೊತೆಗಿರಲು ಬಂದಿದ್ದ ಅತ್ತಿಗೆ ನೋಡಿ, "ಅಲ್ಲಿ ಬೇಡ, ಗಿರಿಜಾ" ಎಂದರು. ಇಬ್ಬರೂ ಸೇರಿ ಎತ್ತಿ ಕಿಟಕಿಯ ಪಕ್ಕದ ಕುರ್ಚಿಯ ಮೇಲೆ ಇಟ್ಟೆವು. ಅತ್ತಿಗೆ ಪರದೆಯನ್ನು ಸ್ವಲ್ಪ ಸರಿಸಿದರು.

ಈಗ ಬಂದವರಿಗೆ ಕೂರಲು ಒಂದು ಕುರ್ಚಿ ಕಮ್ಮಿ. ಪುಸ್ತಕ ಖರ್ಚಾದಂತೆ ಅದು ಖಾಲಿಯಾಗುತ್ತದೆ, ನಿಜ. ಆದರೆ ಬರೆಯಲು ತೊಡಗಿದ ಮೇಲೆ ಇದೇ ಮೊದಲ ಸಲ, ಮಾರಾಟ ನಿಧಾನವಾಗಿಯೇ ಆಗಲಿ ಎಂದುಕೊಳ್ಳುತ್ತಿದ್ದೇನೆ.