ಅರಬ್ಬಿ ಸಮುದ್ರ ಮತ್ತು ಜಯಮ್ಮನ ನಾಟಿ ಸರದಿ

ನಾನು ನಿವೃತ್ತನಾಗುವ ಹಿಂದಿನ ವರ್ಷದ ಮೇ ತಿಂಗಳು. ಪಿರಿಯಾಪಟ್ಟಣ, ಹುಣಸೂರು ತಾಲ್ಲೂಕುಗಳ ರೈತರಿಗೆ ಹವಾಮಾನ ಸಲಹೆ ಕೊಡುವುದು ನನ್ನ ಕೆಲಸ. ಮಳೆ ಬಂದರೆ ದೇವರಿಗೆ ತೆಂಗಿನಕಾಯಿ, ಬಾರದಿದ್ದರೆ ನನಗೆ ಬೈಗುಳ. ಎರಡೂ ರೂಢಿಯಾಗಿದ್ದವು.

ಆ ವಾರ ಬೆಟ್ಟದಪುರದ ಸುತ್ತ ಹದವಾದ ಮಳೆ ಬಿದ್ದು, ಊರೆಲ್ಲ ತಂಬಾಕು ನಾಟಿಗೆ ನಿಂತಿತ್ತು. ಅಲ್ಲಿ ನಾಟಿ ನಡೆಯುವುದು ಮುಯ್ಯಾಳಿನಿಂದ: ಇಂದು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಮರುದಿನದ ಸರದಿ ಜಯಮ್ಮನವರದು. ಅವರ ವರ್ಷದ ಬೆಳೆಯೆಲ್ಲ ಟ್ರೇಗಳಲ್ಲಿದ್ದ ಸಸಿಗಳನ್ನೇ ನಂಬಿತ್ತು.

ನಾಟಿ ಮುಂದೂಡಿ ಎಂದು ಅವರಿಗೆ ಹೇಳಿದೆ. ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಎದ್ದಿತ್ತು. ಅದು ವಾಯವ್ಯಕ್ಕೆ ಹೊರಟರೆ ಮುಂಗಾರಿನ ತೇವವನ್ನೂ ಎಳೆದುಕೊಂಡು ಹೋಗುವ ಸಂಭವವಿತ್ತು.

“ಸಮುದ್ರ ಎಲ್ಲೋ, ನಮ್ಮೊಲ ಎಲ್ಲೋ. ಅದ್ಕೂ ಇದ್ಕೂ ಏನ್ ಸಾ?” ಎಂದರು ಜಯಮ್ಮ.

ಬೇಸಿಗೆಯಲ್ಲಿ ಕೆರೆಗೆ ಇಳಿದರೆ ಮೇಲಿನ ನೀರು ಬೆಚ್ಚಗೆ, ಕಾಲಡಿಯದು ತಣ್ಣಗಿರುತ್ತದೆ. ಸಮುದ್ರವೂ ಹಾಗೆಯೇ ಎಂದು ವಿವರಿಸಿದೆ. ಗಾಳಿ ಮತ್ತು ಪ್ರವಾಹಗಳು ಆಳದ ತಣ್ಣೀರನ್ನು ಮೇಲೆತ್ತಿ ಬೆರೆಸುತ್ತವೆ. ಭೂಮಿ ಬಿಸಿಯಾದಂತೆ ಮೇಲಿನ ಪದರ ಕಾದು ಹಗುರಾಗಿ, ತಳದ ನೀರಿನೊಡನೆ ಸುಲಭಕ್ಕೆ ಬೆರೆಯುವುದಿಲ್ಲ. ಆ ಬಿಸಿಯೇ ಚಂಡಮಾರುತಕ್ಕೆ ಮೇವು; ಅದು ನಮ್ಮ ಮಳೆಯನ್ನು ಎಳೆದುಕೊಂಡು ಹೋದರೆ ಆಗಷ್ಟೇ ನೆಟ್ಟ ಸಸಿ ಒಣಗುತ್ತದೆ.

“ಸರದಿ ಬುಟ್ರೆ ಆಳು ಮತ್ಯಾವಾಗ ಸಿಕ್ತಾರೋ. ಸಸಿ ಬೇರೆ ಬಲ್ತೋಯ್ತದೆ,” ಎಂದರು. ಆ ಚಿಂತೆ ಸುಳ್ಳಲ್ಲ, ಬಲಿತ ಸಸಿ ನಾಟಿಗೆ ಬಾರದು.

ಪಕ್ಕದ ಹೊಲದ ಶಿವಣ್ಣ ನಕ್ಕರು. “ಅಕ್ಕ, ಸರದಿ ನಂಗ್ ಕೊಡು. ನೀನು ಸಮುದ್ರ ನೋಡ್ಕೊಂಡು ಕೂತ್ಕೊ.”

ಜಯಮ್ಮ ನನ್ನ ಮುಖವನ್ನೊಮ್ಮೆ ನೋಡಿ, ಸರದಿ ಬಿಟ್ಟುಕೊಟ್ಟರು. ಮುಂದಿನ ಮಳೆಗೆ ಮೊದಲ ಸರದಿ ಅವರದೇ ಎಂದು ನಾನು ಮುಯ್ಯಾಳುಗಳಿಂದ ಮಾತು ಪಡೆದೆ. ಸಸಿ ಬಲಿಯದಂತೆ, ನಾನು ಹೇಳಿಕೊಟ್ಟ ಹಾಗೆ ಎಲೆಯ ತುದಿ ಕತ್ತರಿಸಿ, ನೀರು ಕಡಿಮೆ ಮಾಡಿದರು. ಇದಕ್ಕೆ ಕ್ಲಿಪ್ಪಿಂಗ್ ಎನ್ನುತ್ತಾರೆ. ಮುನ್ಸೂಚನೆ ತಪ್ಪಿದರೂ ನನ್ನ ಸಂಬಳ ಬರುತ್ತದೆ, ಅವರ ಬೆಳೆ ಬರುವುದಿಲ್ಲ.

ಚಂಡಮಾರುತ ದೂರ ಸರಿಯಿತು, ಮೋಡಗಳೂ ಅದರ ಹಿಂದೆ ಹೋದವು. ಬಿಸಿಲಿಗೆ ಶಿವಣ್ಣನವರ ಸಸಿಗಳು ಸಾಲುಸಾಲಾಗಿ ಒಣಗಿದವು. ಕೊನೆಗೂ ಮಳೆ ಹಿಡಿದಾಗ ಮುಯ್ಯಾಳುಗಳು ಮೊದಲು ಇಳಿದದ್ದು ಜಯಮ್ಮನವರ ಹೊಲಕ್ಕೆ. ಎಲ್ಲರಿಗಿಂತ ಮುಂದೆ ಶಿವಣ್ಣ. ನಾಟಿ ಮುಗಿದ ಮೇಲೂ ಸಸಿ ಮಿಕ್ಕಿತು.

“ತಕಳಪ್ಪ, ನಿನ್ ಸಾಲಲ್ಲಿ ಹೋಗಿರೋ ಜಾಗಕ್ಕೆಲ್ಲ ಇವ್ನ ಹಾಕು,” ಎಂದು ಜಯಮ್ಮ ಟ್ರೇಗಳನ್ನು ಶಿವಣ್ಣನವರ ಕೈಗಿತ್ತರು. ನನಗೆ ಕುಣಿಯುವಷ್ಟು ಖುಷಿಯಾಯಿತು.

ಎಲ್ಲ ಸಲವೂ ನನ್ನ ಮಾತು ನಿಜವಾಗಿಲ್ಲ. ಆದರೆ ಸಮುದ್ರದ ಸುದ್ದಿ ಹೇಳುವವನು ಸಸಿಗೂ ಆಳಿಗೂ ಒಂದು ದಾರಿ ಹೇಳಲೇಬೇಕು ಎಂಬುದನ್ನು ಆ ನೌಕರಿ ಕಲಿಸಿತು.

ಮರುವರ್ಷ ಮೇ ತಿಂಗಳಲ್ಲಿ ಶಿವಣ್ಣ ಫೋನ್ ಮಾಡಿದರು. ನಾನೀಗ ರಿಟೈರ್ ಆಗಿದ್ದೇನೆ ಎಂದೆ.

“ರಿಟೈರ್ ಆಗಿರೋದು ನೀವು ಕಣ್ ಸಾ, ಸಮುದ್ರ ಅಲ್ವಲ್ಲ. ಈ ಸಲ ಅದು ಎಂಗದೆ, ಯೋಳಿ.”