ಎಂಟು ಪುಟದ ಅಕ್ಕ

ಸಹನಾಮೂರ್ತಿಯಂತೆ! ನಮ್ಮಕ್ಕನ ವೈಕುಂಠ ಸಮಾರಾಧನೆಗೆಂದು ಅವಳ ಮಗ ಚಿಕ್ಕಬಳ್ಳಾಪುರದಲ್ಲಿ ಅಚ್ಚು ಹಾಕಿಸಿ ತಂದ, ಮಿರಮಿರ ಮಿಂಚುವ ನೆನಪಿನ ಪುಸ್ತಕದ ಮೊದಲ ಪದವೇ ಅದು. ಓದಿ ಮೈಯೆಲ್ಲ ಉರಿಯಿತು. ಶಿಡ್ಲಘಟ್ಟದ ಅವಳ ಬೀದಿಯಲ್ಲಿ ಅಕ್ಕನಿಂದ ಬೈಸಿಕೊಳ್ಳದ ಒಂದು ನಾಯಿಯಾದರೂ ಇತ್ತೇ?

"ಇದು ಯಾರ ಬಗ್ಗೆಯೋ?" ಎಂದೆ.

"ಎಲ್ರಿಗೂ ಹೀಗೇ ಹಾಕ್ತಾರೆ ಮಾವ. ಅಂಗಡಿಯವ್ರೇ ಬರ್ಕೊಟ್ರು."

ಅಕ್ಕ ತಾನೇ ಬರೆದಿಟ್ಟಿದ್ದಳಲ್ಲ! ದೇವರ ಗೂಡಿನ ಕೆಳಗಿನ ಹಲಗೆಯ ಮೇಲೆ ಅವಳ ಉದ್ದನೆಯ ನೋಟ್‌ಬುಕ್ಕಿತ್ತು. ಬಸ್ ಟಿಕೆಟ್ಟು, ಬೀಜದ ಪೊಟ್ಟಣ, ಸೀರೆಯ ಚೂರು, ಎಲ್ಲವನ್ನೂ ಮೈದಾ ಗಂಜಿಯಲ್ಲಿ ಅಂಟಿಸಿ, ಪಕ್ಕದಲ್ಲಿ ಯಾರಿಗೆ ಏನು ಬೈಯಬೇಕೋ ಅದನ್ನು ಬರೆದೂ ಬರೆದೂ ಅದು ಬಸುರಿಯ ಹಾಗೆ ಉಬ್ಬಿತ್ತು.

ನಾನು ಸುಮ್ಮನಿರುವ ಆಸಾಮಿಯೇ? ಗೌರಿಬಿದನೂರಿನಿಂದ ಚಿಂತಾಮಣಿಯವರೆಗೆ ಕೀಟಲೆಯಲ್ಲಿ ನನ್ನನ್ನು ಮೀರಿಸಿದವನು ಇನ್ನೂ ಹುಟ್ಟಿಲ್ಲ. ನೋಟ್‌ಬುಕ್ಕನ್ನು ಟವೆಲಿನಲ್ಲಿ ಸುತ್ತಿ ಜೆರಾಕ್ಸ್ ಅಂಗಡಿಗೆ ಒಯ್ದೆ. ಎಂಟು ಪುಟ ಆರಿಸಿ, ಚಿಕ್ಕದಾಗಿಸಿ, ಒಂದೇ ಹಾಳೆಗೆ ಇಳಿಸಿದೆ. ನಡುವೆ ಕತ್ತರಿಸಿ ಮಡಿಸಿದರೆ ಅಂಗೈಯಗಲದ ಪುಸ್ತಕ. ಅಂಥವು ಒಂದು ಕಟ್ಟು ಮಾಡಿಸಿದೆ. ಅಕ್ಕನದು ಅಕ್ಕನ ಮನೆಯಲ್ಲೇ ಇರಲಿ ಎಂದು ನೋಟ್‌ಬುಕ್ಕನ್ನು ಮತ್ತೆ ಹಲಗೆಯ ಮೇಲಿಟ್ಟೆ. ಸಮಾರಾಧನೆಯ ಬೆಳಗ್ಗೆ ಒಂದೊಂದು ಸಹನಾಮೂರ್ತಿಯ ಹೊಟ್ಟೆಗೂ ಒಂದೊಂದು ಮರಿಪುಸ್ತಕ ತುರುಕಿದೆ.

ಊಟದ ಪಂಕ್ತಿಯಲ್ಲಿ ಯಾರೋ ಗಟ್ಟಿಯಾಗಿ ಓದಿದರು: "ನನ್ನ ತಮ್ಮ ಇವತ್ತು ತೊಂಡೇಬಾವಿ ಸ್ಟೇಷನ್ನಲ್ಲಿ ಬೀಗರ ಚಪ್ಪಲಿ ಬಚ್ಚಿಟ್ಟ. ದೊಂಗ, ಶುದ್ಧ ಕಳ್ಳ. ಇವನಿಗೆ ಅನ್ನ ಹಾಕಿದ ಕೈಗೆ ಬರೆ ಹಾಕ್ಕೋಬೇಕು." ಎಲೆಗಳ ಮುಂದೆ ನಗು ಹೊರಳಾಡಿತು. ನಾನು ಎದೆಯುಬ್ಬಿಸಿ ಎರಡನೇ ಸಲ ಪಾಯಸ ಹಾಕಿಸಿಕೊಂಡೆ.

ಕೈ ತೊಳೆಯುವಾಗ ಪಕ್ಕದ ಮನೆಯವಳು ಬಂದಳು. ರೇಷ್ಮೆ ನೂಲು ತೆಗೆಯುವವಳು. ಅಕ್ಕನೊಡನೆ ದಿನಾ ಜಗಳವಾಡಿ, ದಿನಾ ಕಾಫಿ ಕುಡಿದವಳು.

"ಅಣ್ಣಯ್ಯ, ನನ್ ಪುಟ ಎಲ್ಲಿ? ನನ್ ಹಸಿರು ಸೀರೆ ಚೂರು ಅಂಟಿಸ್ಕೊಂಡು ಅದೇನೋ ಬರ್ದಿದ್ಲು. ತೋರ್ಸೇ ಅಂದ್ರೆ, ನಾನು ಸತ್ಮೇಲೆ ಓದ್ಕೊಳ್ಳೇ ಅಂದಿದ್ಲು."

"ಇರಮ್ಮ, ತರ್ತೀನಿ" ಎಂದು ಹೋಗಿ ನೋಡಿದರೆ ಹಲಗೆ ಖಾಲಿ.

"ಅದಾ?" ಎಂದ ಸೋದರಳಿಯ. "ನಿನ್ನೆ ಮನೆ ಕ್ಲೀನ್ ಮಾಡ್ದಾಗ ಹಳೇ ಪೇಪರ್ ಜೊತೆ ಗುಜರಿಯವ್ನಿಗೆ ಹಾಕ್ಬಿಟ್ಟೆ ಮಾವ. ಜಿರಳೆ ಸೇರ್ಕೊಂಡಿತ್ತು."

"ನಿಮ್ಮಮ್ಮನ್ನೇ ಗುಜರಿಗೆ ಹಾಕಿದ್ಯಲ್ಲೋ ಮುಠ್ಠಾಳ!"

ಬರಿಗಾಲಲ್ಲೇ ಗುಜರಿ ಅಂಗಡಿಗೆ ಓಡಿದೆ. ಪೇಪರಿನ ಲಾರಿ ಮುಂಜಾನೆಯೇ ಹೊರಟುಹೋಗಿತ್ತು. ದಾರಿಯುದ್ದಕ್ಕೂ ಅಳಿಯನನ್ನು ಬೈದುಕೊಂಡು ವಾಪಸು ಬಂದೆ. ಪಕ್ಕದ ಮನೆಯವಳು ಜಗಲಿಯ ಮೇಲೆ ಕಾಯುತ್ತ, ಆ ಎಂಟು ಪುಟಗಳನ್ನು ಹಿಂದೆ ಮುಂದೆ ತಿರುವಿ ನೋಡುತ್ತಿದ್ದಳು.

"ಇದ್ರಲ್ಲಿ ಬರೀ ನೀವೇ ಇದ್ದೀರಲ್ಲ ಅಣ್ಣಯ್ಯ."

ಜೆರಾಕ್ಸ್ ಅಂಗಡಿಯಲ್ಲಿ ನಿಂತು, ನನ್ನ ಕೀಟಲೆಯ ಪುಟಗಳನ್ನೇ ಹುಡುಕಿ ಆರಿಸಿದವನು ನಾನೇ. ಹಸಿರು ಚೂರು ಕಣ್ಣಿಗೆ ಬಿದ್ದಿತ್ತು. ಓದದೆ ಮಗುಚಿದ್ದೆ.